ಪೂರ್ವದ ಗಡಿಯಲ್ಲಿ ಮೂರು ಅಡಿ

ಶಾಸಕರಾಗಿ ಮೂರು ವರ್ಷ ತುಂಬುವ ಹೊತ್ತಿಗೆ ನಮ್ಮ ಕಥಾನಾಯಕರು ಶಾಸನಸಭೆಯಲ್ಲಿ ಆಡಿದ್ದು ಒಂದೇ ಒಂದು ಮಾತು. ಅದೂ ಸಭಾಧ್ಯಕ್ಷರನ್ನು ಉದ್ದೇಶಿಸಿ ಅಲ್ಲ. ಪಕ್ಕದಲ್ಲಿ ಹಾದುಹೋಗುತ್ತಿದ್ದ ಜವಾನನ ಕಡೆ ಬಾಗಿ, "ಆ ಫ್ಯಾನ್ ಸ್ವಲ್ಪ ಕಮ್ಮಿ ಮಾಡಪ್ಪ" ಎಂದಿದ್ದರು. ಆ ಮಾತು ದಾಖಲೆಗೆ ಹೋಯಿತೋ ಇಲ್ಲವೋ ತಿಳಿಯದು. ಫ್ಯಾನಂತೂ ಕಮ್ಮಿಯಾಗಲಿಲ್ಲ.

ಮನುಷ್ಯ ಕೆಟ್ಟವರಲ್ಲ. ರಾಜಕೀಯಕ್ಕೆ ಬರುವ ಮುಂಚೆ ಪೇಟೆ ಬೀದಿಯಲ್ಲಿ ಹಾಸಿಗೆ ಅಂಗಡಿ ಇಟ್ಟುಕೊಂಡಿದ್ದರು. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ ಅವನ ಬೆನ್ನಿಗೆ ಹತ್ತಿಯದು ಹಿಡಿಸುತ್ತದೋ ನಾರಿನದು ಹಿಡಿಸುತ್ತದೋ ಹೇಳಿಬಿಡುತ್ತಿದ್ದರು. ಪಕ್ಷದ ಎರಡು ಬಣಗಳು ಟಿಕೆಟ್ಟಿಗಾಗಿ ಕಚ್ಚಾಡಿಕೊಂಡಾಗ ಯಾರ ಮೇಲೂ ಹಗೆಯಿಲ್ಲದ ಒಬ್ಬ ಮನುಷ್ಯ ಬೇಕಾಯಿತು; ಇವರು ಸಿಕ್ಕರು. "ಪಾಪ, ಇಷ್ಟು ವರ್ಷ ನಮಗೆ ಒಳ್ಳೆ ನಿದ್ದೆ ಕೊಟ್ಟೋರು" ಎಂದು ಜನ ಗೆಲ್ಲಿಸಿಯೂಬಿಟ್ಟರು. ಅಂಗಡಿಯನ್ನು ಹೆಂಡತಿಯ ತಮ್ಮನಿಗೆ ಒಪ್ಪಿಸಿ ಹಾಸಿಗೆಯವರು ಶಾಸಕರಾದರು. ಊರಿನವರ ಬಾಯಲ್ಲಿ ಮಾತ್ರ ಅವರು ಇನ್ನೂ ಹಾಸಿಗೆ ಸಾಹೇಬರೇ.

ಅವರ ಕಚೇರಿ ಎಂದರೆ ಮನೆಯ ಮುಂದಿನ ಕೋಣೆ. ಎರಡು ಬೆಂಚು, ಒಂದು ಮೇಜು, ಮೇಜಿನ ಹಿಂದೆ ಆಪ್ತ ಸಹಾಯಕ. ಈ ಆಪ್ತ ಸಹಾಯಕನಿಗೆ ಲೋಕದ ಸಕಲ ಪ್ರಶ್ನೆಗಳಿಗೂ ಗೊತ್ತಿದ್ದದ್ದು ಒಂದೇ ಉತ್ತರ: "ತಮ್ಮ ಮನವಿ ಪರಿಶೀಲನೆಯಲ್ಲಿದೆ." ಇದನ್ನು ಒಂದು ಸಾವಿರ ಪ್ರತಿ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದ. ಬಂದ ಕಾಗದದ ಮೇಲಿನ ವಿಳಾಸ ನೋಡಿ ಒಂದು ಪ್ರತಿ ಲಕೋಟೆಗೆ ತುರುಕಿದರೆ ಅವನ ಪಾಲಿಗೆ ಪ್ರಜಾಪ್ರಭುತ್ವ ಆ ದಿನದ ಮಟ್ಟಿಗೆ ಮುಗಿಯಿತು.

ಹಾಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಅವನು ಶಾಸಕರ ಎದುರು ಬಂದು ಮುಖ ಹುಳ್ಳಗೆ ಮಾಡಿಕೊಂಡು ನಿಂತ.

"ಸಾರ್, ನಾವು ಕಳಿಸಿದ ಒಂದು ಉತ್ತರ ವಾಪಸ್ ಬಂದಿದೆ."

"ವಿಳಾಸ ತಪ್ಪಾಗಿತ್ತಾ?"

"ವಿಳಾಸ ಸರಿ ಇತ್ತು ಸಾರ್. ಉತ್ತರ ತಪ್ಪಾಗಿದೆಯಂತೆ."

ಶಾಸಕರು ಕಾಗದ ಕೈಗೆ ತೆಗೆದುಕೊಂಡರು. ಅಚ್ಚಾದ ಒಂದು ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಅಂಚಿನಲ್ಲಿ ದುಂಡನೆಯ ಅಕ್ಷರ: "ಪ್ರಶ್ನೆಯನ್ನೇ ಓದಿಲ್ಲ. 2/25. ಆ ಎರಡು ಅಂಕವೂ ಕಾಗದ ಅಚ್ಚುಕಟ್ಟಾಗಿ ಮಡಿಸಿದ್ದಕ್ಕೆ. ಮತ್ತೊಮ್ಮೆ ಉತ್ತರಿಸುವುದು."

ಶಾಸಕರು ಕುರ್ಚಿಯಿಂದ ಎದ್ದು ನಿಂತರು. ಆ ಕೆಂಪು ಶಾಯಿಯನ್ನು ಅವರು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲವರಾಗಿದ್ದರು. ಎಂಟನೇ ತರಗತಿಯಲ್ಲಿ ಎರಡು ಸಲ ಕೂರಿಸಿದ ಶಾಯಿ ಅದು. ಭೂಗೋಳದ ಟೀಚರು.

"ಟೀಚರ್ ಇನ್ನೂ ಇದ್ದಾರಾ?"

"ಇದ್ದಾರಲ್ಲ ಸಾರ್, ತಿದ್ದುತ್ತಾ ಇದ್ದಾರೆ" ಎಂದ ಆಪ್ತ ಸಹಾಯಕ.

ಮೂಲ ಕಾಗದ ಹುಡುಕಿ ತರಿಸಲಾಯಿತು. ಶಾಸಕರು ಬಾಗಿಲು ಹಾಕಿಕೊಂಡು ಓದಿದರು. ಟೀಚರು ನಿವೃತ್ತರಾಗಿ ಹದಿನೈದು ವರ್ಷವಾಗಿದ್ದರೂ ಭಾಷೆ ಇನ್ನೂ ಪಾಠದ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

"ಮಾನ್ಯ ಶಾಸಕರೇ, ನಮ್ಮ ಪೂರ್ವದ ಗಡಿಯಲ್ಲಿ ನೆರೆಯವರು ಮುಂದೊತ್ತಿ ಬಂದು ನಮ್ಮ ನೆಲದಲ್ಲಿ ಭದ್ರವಾಗಿ ನೆಲೆಯೂರಿದ್ದಾರೆ. ನಮ್ಮದೇ ಅಧಿಕಾರಿಗಳು ಅವರಿಂದ ತಿಂದು ನಕ್ಷೆಯನ್ನೇ ತಿದ್ದಿದ್ದಾರೆ. ನಮ್ಮವರೊಬ್ಬರು ಐದು ತಿಂಗಳಿಂದ ಒಳಗೇ ಸಿಕ್ಕಿಬಿದ್ದಿದ್ದಾರೆ, ಬಿಸಿಲು ಕಂಡಿಲ್ಲ. ಪ್ರಶ್ನೆ ಒಂದು: ಅತಿಕ್ರಮಿಸಿದ ನೆರೆಯವರ ವಿಚಾರದಲ್ಲಿ ತಮ್ಮ ನೀತಿ ಏನು? ಪ್ರಶ್ನೆ ಎರಡು: ಸರ್ಕಾರದೊಳಗಿನ ಭ್ರಷ್ಟಾಚಾರದ ವಿಚಾರದಲ್ಲಿ ತಮ್ಮ ನಿಲುವು ಏನು? ಕಾರಣ ಸಹಿತ ವಿವರಿಸಿ. ನಕ್ಷೆ ಲಗತ್ತಿಸಿದೆ."

ನಕ್ಷೆ ಎಲ್ಲೂ ಕಾಣಲಿಲ್ಲ.

"ಲಗತ್ತುಗಳು ಬೇರೆ ಕಡತಕ್ಕೆ ಹೋಗ್ತವೆ ಸಾರ್" ಎಂದ ಆಪ್ತ ಸಹಾಯಕ. "ಆ ಕಡತ ಎಲ್ಲಿಗೆ ಹೋಗುತ್ತೋ ನನಗೂ ಗೊತ್ತಿಲ್ಲ. ನಿಯಮ ಹಾಗಿದೆ."

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಿಬಿಡುವುದು ಒಳ್ಳೆಯದು. ಟೀಚರು ಬರೆದದ್ದು ತಮ್ಮ ಮನೆಯ ಪೂರ್ವ ದಿಕ್ಕಿನ ಕಾಂಪೌಂಡು ಗೋಡೆಯ ಬಗ್ಗೆ. ಪಕ್ಕದ ಮನೆಯವರು ಕಾರು ಶೆಡ್ಡು ಕಟ್ಟುವಾಗ ಗೋಡೆಯನ್ನು ಮೂರು ಅಡಿ ಈಚೆಗೆ ತಂದಿದ್ದರು. ಸರ್ವೆಯರು ಅದಕ್ಕೆ ತಕ್ಕಂತೆ ನಕ್ಷೆಯನ್ನು ಈಚೆಗೆ ತಂದಿದ್ದ. ಟೀಚರ ಮನೆಯ ಮುಂಬಾಗಿಲಿಗೆ ಐದು ಎತ್ತರದ ಮೆಟ್ಟಿಲು. ಅವರ ಯಜಮಾನರು, ನಲವತ್ತು ವರ್ಷ ಈ ಊರಿನ ಬೀದಿ ಬೀದಿ ಅಲೆದ ಅಂಚೆಯವರು, ಕಾಲು ಬಿದ್ದುಹೋದ ಮೇಲೆ ಪಕ್ಕದ ಓಣಿಯಿಂದಲೇ ಗಾಲಿಕುರ್ಚಿಯಲ್ಲಿ ಹೊರಗೆ ಬರುತ್ತಿದ್ದರು. ಮೂರು ಅಡಿ ಹೋದ ಮೇಲೆ ಆ ಓಣಿಯಲ್ಲಿ ಬೆಕ್ಕು ಬೇಕಾದರೆ ಹೋಗಬಹುದಿತ್ತು, ಗಾಲಿಕುರ್ಚಿ ಹೋಗುವಂತಿರಲಿಲ್ಲ. ಪೂರ್ವದ ಗಡಿಯ ಕಥೆ ಇಷ್ಟೇ.

ಶಾಸಕರಿಗೆ ಇದೊಂದೂ ತಿಳಿಯದು. ಅವರು ಕಾಗದವನ್ನು ಮೂರು ಸಲ ಓದಿ, ಬೆವರು ಒರೆಸಿಕೊಂಡು, ಅಡುಗೆಮನೆಗೆ ಹೋದರು.

"ಏನೇ, ನಮ್ಮ ಪೂರ್ವಕ್ಕೆ ಯಾವ ದೇಶ ಬರುತ್ತೆ?"

ಹೆಂಡತಿ ತರಕಾರಿ ಹೆಚ್ಚುತ್ತಿದ್ದರು. "ಪೂರ್ವಕ್ಕೆ ಬಚ್ಚಲುಮನೆ ಕಣ್ರೀ. ಯಾಕೆ?"

"ಮನೆಗಲ್ಲ. ದೇಶಕ್ಕೆ."

"ದೇಶದ ಉಸಾಬರಿ ನಿಮಗ್ಯಾಕೆ? ಬಚ್ಚಲ ನಲ್ಲಿ ಸೋರ್ತಾ ಇದೆ ಅಂತ ಹದಿನೈದು ದಿನದಿಂದ ಹೇಳ್ತಿದ್ದೀನಿ."

"ಅದು ಪರಿಶೀಲನೆಯಲ್ಲಿದೆ" ಎಂದು ಬಾಯಿತಪ್ಪಿ ಹೇಳಿ, ಹೆಂಡತಿಯ ಕೈಯಲ್ಲಿದ್ದ ಚಾಕು ನೋಡಿ, ಶಾಸಕರು ಕಚೇರಿಗೆ ವಾಪಸಾದರು.

ರಾಜ್ಯದ ಶಾಸಕರಿಗೂ ವಿದೇಶಾಂಗ ನೀತಿಗೂ ಯಾವ ಸಂಬಂಧವೂ ಇಲ್ಲ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಹಾಗೆಂದು ಬರೆಯಬಹುದಿತ್ತು. ಆದರೆ ಟೀಚರಿಗೆ "ಅದು ನನ್ನ ಪಾಠದಲ್ಲಿ ಬರಲ್ಲ" ಎಂದು ಹೇಳಿ ಬಚಾವಾದ ವಿದ್ಯಾರ್ಥಿ ಈವರೆಗೆ ಹುಟ್ಟಿರಲಿಲ್ಲ. ಸಾಲದ್ದಕ್ಕೆ, ಆ ಐದು ತಿಂಗಳಿಂದ ಬಿಸಿಲು ಕಾಣದ ಮನುಷ್ಯ ಶಾಸಕರ ಮನಸ್ಸಿನಲ್ಲಿ ಕೂತುಬಿಟ್ಟಿದ್ದ. ಗಡಿಯಾಚೆಯ ಯಾವುದೋ ಕತ್ತಲ ಕೋಣೆ, ಬರಿಯ ನೆಲ, ಒಂದು ಹಾಸಿಗೆ ಕೂಡ ಇಲ್ಲ. ಹಾಸಿಗೆ ವ್ಯಾಪಾರಿಯ ಕರುಳು ಚುರ್‍ರೆಂದಿತು.

ಅವರು ಬಿಳಿ ಹಾಳೆ ತೆಗೆದುಕೊಂಡು ತಮ್ಮ ಕೈಯಾರೆ ಬರೆಯತೊಡಗಿದರು. ಮೂರು ವರ್ಷದಲ್ಲಿ ಅವರು ಸ್ವಂತ ಬರೆದ ಮೊದಲ ಕಾಗದ ಅದು. ಬರೆಯುತ್ತಾ ಬರೆಯುತ್ತಾ ಮೈಯಲ್ಲಿ ಏನೋ ಬಿಸಿ ಏರಿತು.

"ಪೂಜ್ಯ ಟೀಚರವರಿಗೆ. ನಮ್ಮ ನೆಲದ ಒಂದಿಂಚನ್ನೂ ಬಿಟ್ಟುಕೊಡುವುದಿಲ್ಲ. ಅತಿಕ್ರಮಿಸಿದವರು ಎಷ್ಟೇ ಬಲಾಢ್ಯರಾಗಿರಲಿ, ಎಂಥ ದೊಡ್ಡವರ ನೆಂಟರೇ ಆಗಿರಲಿ, ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತೇನೆ. ತಿಂದು ನಕ್ಷೆ ತಿದ್ದಿದ ಅಧಿಕಾರಿಗಳನ್ನು ಸುಮ್ಮನೆ ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದವರನ್ನು ನಾನೇ ಖುದ್ದಾಗಿ ಬಂದು ಕೈಹಿಡಿದು ಹೊರಗೆ ಕರೆತರುತ್ತೇನೆ. ಅಡ್ಡ ಏನೇ ಬಂದರೂ ಈ ಕೈಯಿಂದಲೇ ಕೆಡವುತ್ತೇನೆ."

ನಾಲ್ಕನೇ ದಿನ ಅದೂ ವಾಪಸು ಬಂತು. ಶಾಸಕರು ಕಣ್ಣುಮುಚ್ಚಿಕೊಂಡೇ ಬಿಡಿಸಿದರು. ಕೆಂಪು ಶಾಯಿ: "23/25. ಎರಡು ಅಂಕ ಕಾಗುಣಿತಕ್ಕೆ ಕಳೆದಿದೆ. ಬಹಳ ಸಂತೋಷ. ಕಾಯುತ್ತಿರುತ್ತೇವೆ."

ಶಾಸಕರು ಆ ಹಾಳೆಯನ್ನು ಹೆಂಡತಿಗೆ ತೋರಿಸಿದರು. ಆಪ್ತ ಸಹಾಯಕನಿಗೆ ಎರಡು ಸಲ ತೋರಿಸಿದರು. ಬಾಗಿಲಿಗೆ ಬಂದ ಹಾಲಿನವನಿಗೂ ತೋರಿಸಿದರು.

"ಎಂಟನೇ ಕ್ಲಾಸಲ್ಲಿ ಹನ್ನೊಂದರ ಮೇಲೆ ಹತ್ತಿರಲಿಲ್ಲ ನಾನು" ಎಂದು ಅವನಿಗೆ ಹೇಳಿದರು.

"ಈಗ ಪಾಸಾದ್ರಲ್ಲ, ಬಿಡಿ" ಎಂದು ಹಾಲಿನವನು ಸಮಾಧಾನ ಹೇಳಿ ಹೋದ.

ಇತ್ತ ಟೀಚರು ಅಂಕ ಕೊಟ್ಟು ಸುಮ್ಮನಿರಲಿಲ್ಲ. ಉತ್ತರವನ್ನು ನಕಲು ಮಾಡಿಟ್ಟುಕೊಂಡು ಬೀದಿಯವರಿಗೆಲ್ಲ ಓದಿಹೇಳಿದ್ದರು. ಅವರ ಮಹಡಿಯ ಮೇಲಿನ ಬಾಡಿಗೆದಾರ ನಾಲ್ಕು ಪುಟದ ಸ್ಥಳೀಯ ಪತ್ರಿಕೆಯೊಂದರ ಸಂಪಾದಕ, ವರದಿಗಾರ, ಕಟ್ಟು ಹೊತ್ತು ಹಂಚುವವ, ಎಲ್ಲವೂ ಅವನೇ. ಮೆಟ್ಟಿಲ ಮೇಲೆ ಅರ್ಧ ಕೇಳಿಸಿಕೊಂಡವನು ಮಿಕ್ಕ ಅರ್ಧವನ್ನು ತಾನೇ ಸೇರಿಸಿ ಮೊದಲ ಪುಟದಲ್ಲಿ ಹಾಕಿದ: "ಗಡಿಯಲ್ಲಿ ಒಂದಿಂಚೂ ಬಿಡೆ: ಹಾಸಿಗೆ ಸಾಹೇಬರ ಗುಡುಗು. ನಕ್ಷೆ ತಿದ್ದಿದವರಿಗೆ ಕಾದಿದೆ ಗಂಡಾಂತರ." ಟೀಚರ ಹೆಸರಾಗಲಿ ಗೋಡೆಯ ವಿಚಾರವಾಗಲಿ ಅದರಲ್ಲಿರಲಿಲ್ಲ. ಮನೆ ಮಾಲೀಕರ ಜಗಳದಲ್ಲಿ ತಲೆಹಾಕಬಾರದೆಂಬುದು ಅವನ ಪತ್ರಿಕಾಧರ್ಮ.

ಊರು ಎದ್ದು ಕೂತಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡವರು ಎದ್ದು ನಿಂತು ನೆರೆಯ ದೇಶದ ಸೈನ್ಯಬಲ ಲೆಕ್ಕ ಹಾಕಿದರು. ಬಟ್ಟೆ ಹೊಲಿಯುವವನು ಖಾಕಿ ಬಟ್ಟೆ ಎಷ್ಟು ಬೇಕಾಗಬಹುದೆಂದು ಶಾಸಕರ ಮನೆಗೆ ಫೋನು ಮಾಡಿದ. ಮಧ್ಯಾಹ್ನದ ಹೊತ್ತಿಗೆ ಪಕ್ಷದ ಅಧ್ಯಕ್ಷರೇ ಫೋನಿನಲ್ಲಿ ಬಂದರು.

"ಏನಯ್ಯಾ, ಯುದ್ಧ ಸಾರಿದ್ದೀಯಂತೆ?"

"ಕೇಳಿದ್ರು ಸಾರ್, ಹೇಳ್ದೆ."

"ಕೇಳಿದ್ದಕ್ಕೆಲ್ಲ ಹೇಳ್ತಾ ಹೋದ್ರೆ ಪಕ್ಷ ನಡೆಸೋದು ಹ್ಯಾಗೆ? ಜನ ಏನಂತಾರೆ?"

"ತುಂಬಾ ಖುಷಿಯಾಗಿದ್ದಾರೆ ಸಾರ್."

ಅಧ್ಯಕ್ಷರ ದನಿ ಬದಲಾಯಿತು. "ಸರಿ, ಹಾಗಾದ್ರೆ ಮಾತಾಡು. ಯಾವ ದೇಶ ಅಂತ ಮಾತ್ರ ಬಾಯಿ ಬಿಡಬೇಡ. ನಮಗೂ ಇನ್ನೂ ಗೊತ್ತಿಲ್ಲ."

ಮಾರನೆಯ ದಿನ ಸಂಜೆ ಸರ್ವೆ ಕಚೇರಿಯ ಮೋಜಣಿದಾರ, ಎಂದರೆ ಮೇಲೆ ಹೇಳಿದ ಆ ಸರ್ವೆಯರು, ಹಿಂಬಾಗಿಲಿನಿಂದ ಬಂದ. ಪತ್ರಿಕೆಯನ್ನು ಎಂಟು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದ. ಶಾಸಕರನ್ನು ಕಂಡವನೇ ಕುಸಿದು ಕೂತ.

"ಸಾರ್, ನಕ್ಷೆ ತಿದ್ದಿದ್ದು ನಾನೇ."

ಶಾಸಕರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ದೇಶದ್ರೋಹಿಯೊಬ್ಬ ಇಷ್ಟು ಸಣಕಲಾಗಿ, ಜೇಬಿನಲ್ಲಿ ಅಳತೆಪಟ್ಟಿ ಇಟ್ಟುಕೊಂಡು ಬರುತ್ತಾನೆಂದು ಅವರು ಎಣಿಸಿರಲಿಲ್ಲ.

"ನೀನಾ? ಒಬ್ಬನೇ?"

"ಒಬ್ಬನೇ ಸಾರ್. ಒಂದು ಗೆರೆ. ರಬ್ಬರಿನಲ್ಲಿ ಅಳಿಸಿ ಸ್ವಲ್ಪ ಈಚೆಗೆ ಎಳೆದೆ."

"ದೇಶದ ಗೆರೆನ ರಬ್ಬರಿನಲ್ಲಿ ಅಳಿಸಿದ್ಯಾ?"

"ನಾವು ಎಲ್ಲ ಗೆರೆನೂ ರಬ್ಬರಿನಲ್ಲೇ ಅಳಿಸೋದು ಸಾರ್. ಮೂರೇ ಅಡಿ."

"ಮೂರಡಿಯೋ ಮೂರು ಹರದಾರಿಯೋ, ದ್ರೋಹ ದ್ರೋಹಾನೇ. ಅದಕ್ಕೆ ಅವರು ಏನು ಕೊಟ್ಟರು?"

ಮೋಜಣಿದಾರ ತಲೆ ತಗ್ಗಿಸಿದ. "ಒಂದು ಡಬಲ್ ಹಾಸಿಗೆ ಸಾರ್. ಎರಡು ದಿಂಬು."

ಶಾಸಕರು ದಂಗಾದರು. ಪರದೇಶದವರು ಗೂಢಚಾರರಿಗೆ ಏನೇನೋ ಕೊಡುತ್ತಾರೆಂದು ಕೇಳಿದ್ದರು, ಹಾಸಿಗೆ ಕೊಡುವ ದೇಶ ಯಾವುದಿರಬಹುದು? ವೃತ್ತಿಯ ಕುತೂಹಲ ತಡೆಯಲಾಗಲಿಲ್ಲ. "ಹತ್ತಿಯದೋ ನಾರಿನದೋ?"

"ಮೇಲೆ ಹತ್ತಿ, ಒಳಗೆ ನಾರು. ತುಂಬಾ ಚೆನ್ನಾಗಿದೆ ಸಾರ್. ಅದರ ಮೇಲೆ ಮಲಗಿದ ದಿನದಿಂದ ನಿದ್ದೆ ಮಾತ್ರ ಬಂದಿಲ್ಲ."

"ಯಾರ ಮೂಲಕ ಕೊಟ್ಟರು? ಹೆಸರು ಹೇಳು."

"ಬೇಡ ಸಾರ್. ನಿಮ್ಮ ಮುಂದೆ ಆ ಹೆಸರು ಹೇಳೋ ಧೈರ್ಯ ನನಗಿಲ್ಲ. ನಿಮಗೆ ತೀರಾ ಬೇಕಾದೋರು. ಎಳೆದ್ರೆ ಈ ಮನೆ ತನಕ ಬರುತ್ತೆ."

ಪಿತೂರಿ ಎಷ್ಟು ಮೇಲಿನವರೆಗೆ ಹೋಗಿದೆ ಎಂಬುದು ಶಾಸಕರಿಗೆ ಆ ಕ್ಷಣ ಅರ್ಥವಾಯಿತು. ಅಂದರೆ, ಅರ್ಥವಾಯಿತೆಂದು ಅವರು ತಿಳಿದುಕೊಂಡರು. ಪಕ್ಷದ ಅಧ್ಯಕ್ಷರು ದೇಶದ ಹೆಸರು ಬಾಯಿ ಬಿಡಬೇಡ ಎಂದದ್ದು ಸುಮ್ಮನೆ ಅಲ್ಲ.

"ನೋಡು" ಎಂದರು ತಗ್ಗಿದ ದನಿಯಲ್ಲಿ. "ನಾಳೇನೇ ಗೆರೆನ ಇದ್ದ ಜಾಗಕ್ಕೆ ವಾಪಸ್ ಎಳಿ. ಆ ಹಾಸಿಗೆ ಮನೇಲಿ ಇಟ್ಟುಕೋಬೇಡ. ಅದು ಸಾಕ್ಷಿ. ನಾನು ಕೇಳಿದ ದಿನ ತಂದು ಒಪ್ಪಿಸಬೇಕು."

ಅವನು ಹೋದ ಹತ್ತು ನಿಮಿಷಕ್ಕೆ ಭಾವಮೈದ ಬಂದ. ಹಾಸಿಗೆ ಅಂಗಡಿ ನೋಡಿಕೊಳ್ಳುವ ಭಾವಮೈದನೇ. ಅಂಗಡಿ ಕೈಗೆ ಬಂದ ಮೇಲೆ ಅವನು ದೊಡ್ಡ ರಸ್ತೆಯ ಮೂಲೆ ನಿವೇಶನದಲ್ಲಿ ಮನೆ ಕಟ್ಟಿಸಿದ್ದ. ಶಾಸಕರು ಅಲ್ಲಿಗೆ ಎಷ್ಟೋ ಸಲ ಹೋಗಿದ್ದರು, ಆದರೆ ದೊಡ್ಡ ರಸ್ತೆಯ ಕಡೆಯ ಬಾಗಿಲಿನಿಂದ ಹೋಗಿ ಅದೇ ಬಾಗಿಲಿನಿಂದ ಬಂದವರು. ಮನೆಯ ಹಿಂಬದಿಯ ಕಾರು ಶೆಡ್ಡು ಅಡ್ಡರಸ್ತೆಗೆ ತೆರೆದುಕೊಳ್ಳುತ್ತದೆಂದಾಗಲಿ, ಅಲ್ಲಿ ಪಕ್ಕದಲ್ಲಿ ಯಾರಿದ್ದಾರೆಂದಾಗಲಿ ನೋಡುವ ಪ್ರಸಂಗ ಅವರಿಗೆ ಬಂದಿರಲಿಲ್ಲ.

"ಭಾವ, ಎದೆ ಉಬ್ಬಿಹೋಯ್ತು" ಎಂದ ಭಾವಮೈದ, ಪತ್ರಿಕೆ ಬೀಸುತ್ತಾ. "ಒಂದಿಂಚೂ ಬಿಡಬೇಡಿ. ಇನ್ನೊಬ್ಬರ ನೆಲಕ್ಕೆ ಕಾಲಿಡೋರಿಗೆ ಬುದ್ಧಿ ಕಲಿಸ್ಲೇಬೇಕು. ಭಾನುವಾರ ಬೆಳಿಗ್ಗೆ ದೊಡ್ಡ ಸಭೆ ಮಾಡೋಣ. ಗಡಿ ರಕ್ಷಣಾ ಸಭೆ. ಖರ್ಚೆಲ್ಲ ನನ್ನದು. ನಮ್ಮ ಮನೆ ಹಿಂದಿನ ಅಡ್ಡರಸ್ತೆ ಅಗಲವಾಗಿದೆ, ಶೆಡ್ಡಿನ ಪಕ್ಕದ ಗೋಡೆಗೆ ಒರಗಿಸಿ ವೇದಿಕೆ ಹಾಕಿಸ್ತೀನಿ."

ಈ ಮನುಷ್ಯನಿಗೆ ತಾನು ಮಾಡಿದ್ದು ನೆನಪಿರಲಿಲ್ಲವೇ ಎಂದು ಓದುಗರು ಕೇಳಬಹುದು. ನೆನಪಿತ್ತು. ಆದರೆ ತಾನು ಮಾಡಿದ್ದು ಅತಿಕ್ರಮಣ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅವನ ಭಾಷೆಯಲ್ಲಿ ಅದರ ಹೆಸರು "ಕಾರಿಗೆ ಸ್ವಲ್ಪ ಜಾಗ".

ಅಡ್ಡರಸ್ತೆಯಲ್ಲಿ ವೇದಿಕೆ ಏಳುವುದನ್ನು ಕಂಡ ಟೀಚರು ಕಿಟಕಿಯಿಂದಲೇ ಯಜಮಾನರಿಗೆ ಹೇಳಿದರು: "ನೋಡಿದ್ರಾ, ಸಭೆಯನ್ನ ಪಕ್ಕದ್ಮನೆ ಪುಣ್ಯಾತ್ಮನೇ ಕರೆದಿದ್ದಾನಂತೆ. ಗೋಡೆಯನ್ನ ತಾನೇ ನಿಂತು ಬಿಟ್ಟುಕೊಡ್ತಾನೆ ಅನ್ನಿಸುತ್ತೆ. ನಮ್ಮ ಹುಡುಗ ಹೇಳಿದ್ದನ್ನ ಮಾಡಿ ತೋರಿಸ್ತಾನೆ." ಅಂಚೆಯವರು, ಭಾನುವಾರಕ್ಕೆ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಡು ಎಂದಷ್ಟೇ ಹೇಳಿದರು.

ಭಾನುವಾರ ಹತ್ತು ಗಂಟೆಗೆ ಅಡ್ಡರಸ್ತೆ ತುಂಬಿ ಹರಿಯುತ್ತಿತ್ತು. ಕುರ್ಚಿಗಳು ಸಾಲದೆ ಜನ ಎದುರು ಮನೆಗಳ ಜಗಲಿ ಹತ್ತಿದ್ದರು. ಮುಂದಿನ ಸಾಲಿನಲ್ಲಿ ಶಾಸಕರ ಹೆಂಡತಿ, ಪಕ್ಕದಲ್ಲಿ ಪತ್ರಿಕೆಯವನು. ಭಾವಮೈದ ಮೈಕಿನ ಮುಂದೆ ನಿಂತು ಸ್ವಾಗತ ಕೋರಿದ. ತಾಯ್ನೆಲದ ಬಗ್ಗೆ ಮಾತಾಡುತ್ತಾ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. "ಇನ್ನೊಬ್ಬರ ಜಾಗದಲ್ಲಿ ಒಂದು ಗೇಣು ತಗೊಂಡವನೂ ಮನುಷ್ಯನೇ ಅಲ್ಲ" ಎಂದಾಗ ಅಡ್ಡರಸ್ತೆಯ ನಿವಾಸಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿದರು. ಇಂಥ ಪಶ್ಚಾತ್ತಾಪವನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

ಶಾಸಕರು ಎದ್ದರು. ಕಾಗದದಲ್ಲಿ ಬರೆದದ್ದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಒಂದಿಂಚೂ ಬಿಡುವುದಿಲ್ಲ ಎಂದರು. ಎಂಥ ದೊಡ್ಡವರ ನೆಂಟರಾದರೂ ಸರಿ ಎಂದರು. ಆಗ ಮೊದಲ ಸಾಲಿನ ಬದಿಯಿಂದ ಒಂದು ಕೈ ಮೇಲೆದ್ದಿತು. ಕೈಯಲ್ಲಿ ಮರದ ಅಳತೆಕೋಲು.

"ಶಾಸಕರೇ, ಒಂದು ನಿಮಿಷ."

ಟೀಚರು ವೇದಿಕೆ ಹತ್ತಿದರು. ಶಾಸಕರ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿ ಕಟ್ಟಿಕೊಂಡವು. ಟೀಚರು ಮೈಕಿಗೆ ಬಾಗಿದರು.

"ಉತ್ತರ ಚೆನ್ನಾಗಿದೆ. ಮಾತು ಸಾಕು, ಇನ್ನು ಪ್ರಾಯೋಗಿಕ ಪರೀಕ್ಷೆ. ಪೂರ್ವದ ಗಡಿಯನ್ನ ತೋರಿಸಪ್ಪ."

ಶಾಸಕರು ಕಕ್ಕಾಬಿಕ್ಕಿಯಾಗಿ ಆಕಾಶದ ಕಡೆ ಕೈ ತೋರಿಸಿದರು. ಸೂರ್ಯ ಆ ಕಡೆಯಿದ್ದ.

"ಅಷ್ಟು ದೂರ ಯಾಕೆ? ನಿನ್ನ ಬೆನ್ನ ಹಿಂದೇನೇ ಇದೆಯಲ್ಲ." ಟೀಚರು ಅಳತೆಕೋಲಿನಿಂದ ಗೋಡೆಗೆ ಟಕಟಕ ಬಡಿದರು. "ಇದು ಮೊದಲು ಅಲ್ಲಿತ್ತು. ನಿನ್ನ ಭಾವಮೈದ ಇಲ್ಲಿಗೆ ತಂದ. ನಮ್ಮನೆಯವರು ಆ ಕಿಟಕಿ ಹಿಂದೆ ಐದು ತಿಂಗಳಿಂದ ಕೂತಿದ್ದಾರೆ. ಕಾಗದದಲ್ಲಿ ಎಲ್ಲಾ ಬರೆದಿದ್ದೆ. ನಕ್ಷೆ ಕೂಡ ಲಗತ್ತಿಸಿದ್ದೆ."

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಮೋಜಣಿದಾರ ಬಂದ. ತಲೆಯ ಮೇಲೆ ಸುರುಳಿ ಸುತ್ತಿದ ಡಬಲ್ ಹಾಸಿಗೆ, ಎರಡು ಕಂಕುಳಲ್ಲಿ ಎರಡು ದಿಂಬು. ಇಂದೇ ಒಪ್ಪಿಸಬೇಕಾದ ದಿನವೆಂದು ಅವನಿಗೆ ತೋರಿತ್ತು. ಹಾಸಿಗೆಯನ್ನು ವೇದಿಕೆಯ ಮೇಲೆ ಉರುಳಿಸಿದ. ಅಂಚಿನಲ್ಲಿ ಹೊಲಿದಿದ್ದ ಚೀಟಿ ಶಾಸಕರ ಕಣ್ಣಿಗೆ ಬಿತ್ತು. ಅವರ ಅಂಗಡಿಯದೇ ಚೀಟಿ.

ಭಾವಮೈದ ಹಲ್ಲುಗಿಂಜಿದ. "ಭಾವ, ಕಾರಿಗೆ ಸ್ವಲ್ಪ ಜಾಗ..."

ಮೂರು ವರ್ಷದ ಶಾಸಕಗಿರಿಯಲ್ಲಿ ನಮ್ಮ ನಾಯಕರು ಇಂಥ ಪೇಚಿಗೆ ಸಿಕ್ಕಿರಲಿಲ್ಲ. ಆಪ್ತ ಸಹಾಯಕ ಹಿಂದಿನಿಂದ ಪಿಸುಗುಟ್ಟಿದ: "ಪರಿಶೀಲನೆಯಲ್ಲಿದೆ ಅಂದುಬಿಡಿ ಸಾರ್. ಇನ್ನೂ ಏಳುನೂರು ಪ್ರತಿ ಇದೆ." ಮೈಕು ಅದನ್ನೂ ಬೀದಿಗೆ ಕೇಳಿಸಿತು.

ಶಾಸಕರು ಕಿಟಕಿಯ ಕಡೆ ನೋಡಿದರು. ಸರಳುಗಳ ಹಿಂದೆ ಇಸ್ತ್ರಿ ಹಾಕಿದ ಬಿಳಿ ಅಂಗಿ, ಅದರ ಮೇಲೊಂದು ಬಕ್ಕ ತಲೆ. ಗುರುತು ಸಿಕ್ಕಿತು. ಅಂಗಡಿಗೆ ದಿನಾ ಬೆಳಿಗ್ಗೆ ಕಾಗದ ತಂದುಕೊಡುತ್ತಿದ್ದ ಅಂಚೆಯವರು. ಒಂದು ದಿನವೂ ಕೂತವರಲ್ಲ. "ಒಂದ್ನಿಮಿಷ ಈ ಹಾಸಿಗೆ ಮೇಲೆ ಕೂತ್ಕೊಳ್ಳಿ" ಎಂದರೆ "ಕೂತರೆ ಏಳೋರು ಯಾರು, ಇನ್ನೂ ಮೂರು ಬೀದಿ ಇದೆ" ಎನ್ನುತ್ತಿದ್ದರು. ಅವರು ಈಗ ಕೂತೇ ಇದ್ದರು.

ಶಾಸಕರಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ, ವಿಚಿತ್ರವೆಂದರೆ, ಹಗುರವೂ ಆಯಿತು. ಸೈನ್ಯ, ಪಿತೂರಿ, ಪರದೇಶ ಯಾವುದೂ ಬೇಡ. ಒಂದು ಗೋಡೆ. ಇದು ತಮ್ಮ ಕೈಲಾಗುವ ಕೆಲಸ.

"ಟೀಚರ್" ಎಂದರು ಮೈಕಿನಲ್ಲಿ, "ನಾನು ಪ್ರಶ್ನೆನ ತಪ್ಪು ಓದಿದ್ದೆ. ಇದು ಬೇರೆ ದೇಶದ ವಿಚಾರ ಅಂದ್ಕೊಂಡಿದ್ದೆ. ಆದ್ರೆ ಉತ್ತರ ಏನೂ ಬದಲಾಗಲ್ಲ. ಯಾರಾದ್ರೂ ಒಂದು ಸುತ್ತಿಗೆ ಕೊಡಿ."

ಭಾವಮೈದ ಅಕ್ಕನ ಕಡೆ ನೋಡಿದ. ಆಪತ್ತಿನಲ್ಲಿ ಅವನು ಯಾವಾಗಲೂ ನೋಡುತ್ತಿದ್ದದ್ದು ಆ ಕಡೆಗೇ. ಅಕ್ಕ ಎದ್ದು ನಿಂತರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಅಕ್ಕ, ನೀನಾದ್ರೂ ಹೇಳು."

"ಹೇಳ್ತೀನಿ. ಕಾರು ಆಚೆ ತೆಗಿ. ಇಟ್ಟಿಗೆ ಬಿದ್ದು ಗಾಜು ಒಡೆದ್ರೆ ಆಮೇಲೆ ನನ್ನ ಹತ್ರ ಅಳ್ತಾ ಬರಬೇಡ."

ಸಭಿಕರ ನಡುವಿನಿಂದ ಒಬ್ಬ ಗಾರೆಕೆಲಸದವನು ಸುತ್ತಿಗೆ ಹಿಡಿದು ಮುಂದೆ ಬಂದ. "ಸಾಹೇಬ್ರೇ, ಇದನ್ನ ಕಟ್ಟಿದ್ದು ನಾನೇ. ನೀವು ಜಾಸ್ತಿ ಕಷ್ಟ ಪಡಬೇಕಾಗಿಲ್ಲ. ಸಿಮೆಂಟು ಅಷ್ಟೇನೂ ಹಾಕಿಲ್ಲ."

"ಸಿಮೆಂಟು ಹಾಕಿಲ್ವಾ?" ಎಂದು ಭಾವಮೈದ ಚೀರಿದ. "ಇದೆಂಥ ಮೋಸ! ಈ ದೇಶದಲ್ಲಿ ಭ್ರಷ್ಟಾಚಾರಕ್ಕೆ ಕೊನೆನೇ ಇಲ್ವಾ?"

ಅಡ್ಡರಸ್ತೆ ಬಿದ್ದು ಬಿದ್ದು ನಕ್ಕಿತು. ಟೀಚರೂ ನಕ್ಕರು, ಅವರ ಹಲ್ಲುಗಳನ್ನು ಶಾಸಕರು ಆ ದಿನ ಮೊದಲ ಸಲ ಕಂಡರು. ಕೊನೆಗೆ ಭಾವಮೈದನಿಗೂ ನಗು ತಡೆಯಲಾಗಲಿಲ್ಲ. ಕಾರನ್ನು ಆಚೆ ತೆಗೆದವನು ತಾನೂ ಬಂದು ಇಟ್ಟಿಗೆ ಹೊರುವವರ ಸಾಲಿನಲ್ಲಿ ನಿಂತ. ವೇದಿಕೆ ಬಿಚ್ಚಿದರು. ಶಾಸಕರ ಮೂರನೇ ಏಟಿಗೆ ಗೋಡೆ ಒಂದು ನಿಟ್ಟುಸಿರು ಬಿಟ್ಟ ಹಾಗೆ ಕುಸಿದು ಮಲಗಿತು. ಇಟ್ಟಿಗೆಗಳು ಕೈಯಿಂದ ಕೈಗೆ ಹೋಗಿ ಬೀದಿಯ ಬದಿ ರಾಶಿಯಾದವು. ಒಂದು ಗಂಟೆಯಲ್ಲಿ ಓಣಿ ಓಣಿಯಾಯಿತು. ಮೋಜಣಿದಾರ ಅಳತೆಪಟ್ಟಿ ಹಿಡಿದು ಅಳೆದ, ಟೀಚರು ಪಕ್ಕದಲ್ಲಿ ನಿಂತು ಮರದ ಕೋಲಿನಿಂದ ಮತ್ತೊಮ್ಮೆ ಅಳೆದರು.

ಶಾಸಕರು ಒಳಗೆ ಹೋಗಿ, ಹೇಳಿದಂತೆಯೇ, ಅಂಚೆಯವರ ಕೈ ಹಿಡಿದರು. ಆಮೇಲೆ ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಬಂದರು. ಓಣಿಯ ಕೊನೆಯಲ್ಲಿ ಬಿಸಿಲು ಮುಖಕ್ಕೆ ಬಿದ್ದಾಗ ಅಂಚೆಯವರು ಕಣ್ಣು ಕಿರಿದು ಮಾಡಿ ಬೀದಿಯ ಆ ತುದಿಯಿಂದ ಈ ತುದಿಗೆ ನೋಡಿದರು.

"ಹದಿನಾಲ್ಕನೇ ನಂಬರಿಗೆ ಬಣ್ಣ ಬಳಿಸಿದ್ದಾರೆ" ಎಂದರು. "ಆ ಮನೆಯವರು ಕಾಗದದ ಪೆಟ್ಟಿಗೆನ ಇನ್ನೂ ತಲೆಕೆಳಗಾಗಿಯೇ ಹಾಕ್ಕೊಂಡಿದ್ದಾರೆ. ನಡಿಯಪ್ಪ, ಮುಂದಿನ ಬೀದಿಗೂ ಹೋಗಿ ಬರೋಣ. ಏನೇನು ಬದಲಾಗಿದೆಯೋ."

ಶಾಸಕರು ತಳ್ಳಿದರು. ಬೀದಿಯ ಅರ್ಧ ಜನ ಹಿಂದೆ ಬಂದರು. ಎಷ್ಟೋ ವರ್ಷದಿಂದ ಶಾಸಕರು ಇಷ್ಟು ಖುಷಿಯಾಗಿ ಎಲ್ಲಿಗೂ ಹೋಗಿರಲಿಲ್ಲ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟುತ್ತಲೇ ಇತ್ತು, ತೆಗೆಯಲಿಲ್ಲ. ಪತ್ರಿಕೆಯವನು ಪಕ್ಕದಲ್ಲಿ ಓಡುತ್ತಾ ಪುಟ್ಟ ಪುಸ್ತಕ ಬಿಚ್ಚಿಕೊಂಡು ಕೇಳಿದ:

"ಸಾಹೇಬ್ರೇ, ಪೂರ್ವದ ಗಡಿ ಮುಗೀತು. ಇನ್ನು ದೇಶದ ಉತ್ತರದ ಗಡಿ ಬಗ್ಗೆ ನಿಮ್ಮ ನಿಲುವೇನು? ಓದುಗರು ಕಾಯ್ತಿದ್ದಾರೆ."

ಶಾಸಕರು ಗಾಲಿಕುರ್ಚಿ ನಿಲ್ಲಿಸಿ, ಸ್ವಲ್ಪ ಯೋಚಿಸಿದರು.

"ಮೊದಲು ಅಲ್ಲಿ ನಮ್ಮ ನೆಂಟರು ಯಾರಾದ್ರೂ ಮನೆ ಕಟ್ಟಿಸ್ತಿದ್ದಾರಾ ಅಂತ ವಿಚಾರಿಸ್ತೀನಿ" ಎಂದರು. "ಆಮೇಲೆ ಹೇಳ್ತೀನಿ."